ವಂಶವೃಕ್ಷ ಹೊಸ ಕಂಪ್ಯೂಟರ್‌ಗೆ ಹೋಗುವಾಗ ಫೋಟೊಗಳ ದಾರಿ ತಪ್ಪದಿರಲಿ

ಹೊಸ ಕಂಪ್ಯೂಟರಿನಲ್ಲಿ ನಮ್ಮ ವಂಶವೃಕ್ಷ ತೆರೆದಾಗ ಹೆಸರುಗಳೆಲ್ಲ ಇದ್ದವು. ಮುತ್ಯಾ, ಅವರ ಅಣ್ಣತಮ್ಮಂದಿರು, ಆಳಂದಕ್ಕೆ ಕೊಟ್ಟ ಸೋದರತ್ತೆ, ಸೇಡಂನಿಂದ ತಂದ ಸೊಸೆ, ಯಾರೂ ತಪ್ಪಿರಲಿಲ್ಲ. ಫೋಟೊ ಇರಬೇಕಾದ ಕಡೆ ಮಾತ್ರ ಖಾಲಿ ಚೌಕ. 312 ಫೋಟೊಗಳಲ್ಲಿ ಒಂದೂ ಕಾಣಲಿಲ್ಲ. ಫೋಟೊಗಳನ್ನು ಕಾಪಿ ಮಾಡಿರಲಿಲ್ಲವೇ ಅಂದರೆ, ಮಾಡಿದ್ದೆ. ಅದೇ ಕಂಪ್ಯೂಟರಿನಲ್ಲಿ, ಬೇರೆ ಫೋಲ್ಡರಿನಲ್ಲಿ ಅಷ್ಟೂ ಸುಮ್ನೆ ಕೂತಿದ್ದವು.

ಈ ತೊಂದರೆ ಈಗ ಜಾಸ್ತಿ ಜನರಿಗೆ ಬರಲಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆ ಯಂತ್ರಗಳು ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗಾಗಿ ನನ್ನಂತೆ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೊಳ್ಳುವವರು ಇದ್ದಾರೆ. ವಂಶವೃಕ್ಷಕ್ಕೆ ನಾನು ಬಳಸುವುದು ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕೆಳಗಿನ ಹೆಜ್ಜೆಗಳು ಅದರದ್ದೇ.

ಮೊದಲು ಒಂದು ಮಾತು ತಿಳಿದಿರಲಿ. ಗ್ರ್ಯಾಂಪ್ಸ್ ಫೋಟೊವನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಫೋಟೊದ ವಿಳಾಸವನ್ನು ಮಾತ್ರ ಬರೆದುಕೊಳ್ಳುತ್ತದೆ. ನಮ್ಮ ಆಯಿಯ ಚಿತ್ರವನ್ನೇ ನೋಡಿ. ಸ್ಟುಡಿಯೋದವರು ದಪ್ಪ ರಟ್ಟಿಗೆ ಅಂಟಿಸಿ ಕೊಟ್ಟಿದ್ದು. ಹಿಂದೆ ಉರ್ದುವಿನಲ್ಲಿ ಎರಡು ಸಾಲು, ಕೊನೆಗೆ ‘ಫಸಲಿ 1351’. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ 1941 ಬರುತ್ತದೆ. ಇಷ್ಟು ಬೆಲೆಬಾಳುವ ಚಿತ್ರದ ವಿಳಾಸ ನನ್ನ ಟ್ರೀಯಲ್ಲಿ ‘ಡಿ ಡ್ರೈವ್, ಸ್ಕ್ಯಾನ್, ಆಯಿ’ ಎಂದಿತ್ತು. ಲಿನಕ್ಸಿನಲ್ಲಿ ಡಿ ಡ್ರೈವ್ ಎಂಬುದೇ ಇಲ್ಲ. ಮನೆ ಬದಲಾಯಿಸಿ, ಅಂಚೆಯವರಿಗೆ ಹಳೆ ವಿಳಾಸವನ್ನೇ ಕೊಟ್ಟ ಹಾಗಾಯಿತು.

ಆದ್ದರಿಂದ ಮುಖ್ಯ ಕೆಲಸ ನಡೆಯಬೇಕಾದ್ದು ಹಳೆ ಕಂಪ್ಯೂಟರಿನಲ್ಲಿ. ಹೊಸದನ್ನು ಆಮೇಲೆ ನೋಡೋಣ.

ಹಳೆ ಕಂಪ್ಯೂಟರಿನಲ್ಲಿ

ಶುರು ಮಾಡುವ ಮುಂಚೆ ‘ಫ್ಯಾಮಿಲಿ ಟ್ರೀಸ್’ ಮೆನುವಿನ ‘ಮೇಕ್ ಬ್ಯಾಕಪ್’ಗೆ ಹೋಗಿ. ಅಲ್ಲಿ ಮೀಡಿಯಾ ಸೇರಿಸಬೇಕೇ, ಬೇಡವೇ ಎಂದು ಕೇಳುತ್ತದೆ. ಸೇರಿಸಿ. ಫೋಟೊಗಳ ಸಮೇತ ಒಂದೇ ಪೊಟ್ಟಣ ಸಿಗುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ತೆಗೆದಿಡಿ. ಮುಂದೆ ಏನೇ ಎಡವಟ್ಟಾದರೂ ಇದು ಕೈಯಲ್ಲಿರುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದ್ದಾದರೆ 4 ಜಿಬಿ ಮುಟ್ಟಿದ ಫೈಲ್ ಹಿಡಿಸುವುದಿಲ್ಲ. ಆಗ ಅದನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಈಗ ಚದುರಿದ ಫೋಟೊಗಳನ್ನು ಒಂದೇ ಸೂರಿನಡಿ ತರಬೇಕು. ನನ್ನವು ಡಿ ಡ್ರೈವ್‌ನಲ್ಲಿ ಒಂದಿಷ್ಟು, ಡೆಸ್ಕ್‌ಟಾಪ್‌ನಲ್ಲಿ ಒಂದಿಷ್ಟು, ಕಾಕಾ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಡೌನ್‌ಲೋಡ್ಸ್‌ನಲ್ಲಿ ಒಂದಿಷ್ಟು ಇದ್ದವು. ‘ವಂಶ’ ಅಂತ ಒಂದು ದೊಡ್ಡ ಫೋಲ್ಡರ್ ಮಾಡಿ, ಹಳೆ ಫೋಲ್ಡರುಗಳನ್ನು ಇಡಿಯಾಗಿ ಅದರೊಳಗೆ ಸರಿಸಿ. ಫೋಟೊಗಳನ್ನು ಬಿಡಿಬಿಡಿಯಾಗಿ ಸುರಿಯಬೇಡಿ. ಒಂದೇ ಹೆಸರಿನ ಎರಡು ಚಿತ್ರಗಳಿದ್ದರೆ ಒಂದು ಇನ್ನೊಂದನ್ನು ಅಳಿಸಿಬಿಡಬಹುದು.

ಸರಿಸಿದ ಕೂಡಲೇ ಗ್ರ್ಯಾಂಪ್ಸ್‌ಗೆ ಫೋಟೊಗಳು ಕಾಣದಂತಾಗುತ್ತವೆ. ಹೆದರಬೇಡಿ. ‘ಟೂಲ್ಸ್’ ಮೆನುವಿನ ‘ಯುಟಿಲಿಟೀಸ್’ನಲ್ಲಿ ‘ಮೀಡಿಯಾ ಮ್ಯಾನೇಜರ್’ ಇದೆ. ವಿಳಾಸದ ಒಂದು ತುಂಡನ್ನು ಕೊಟ್ಟು, ಅದರ ಬದಲು ಇದನ್ನು ಹಾಕು ಅಂದರೆ ಎಲ್ಲ ಫೋಟೊಗಳಿಗೂ ಒಮ್ಮೆಗೇ ಹಾಕುತ್ತದೆ. ಹಳೆ ವಿಳಾಸವನ್ನು ನೆನಪಿನಿಂದ ಟೈಪ್ ಮಾಡಬೇಡಿ. ಯಾವುದಾದರೂ ಒಂದು ಫೋಟೊದ ವಿವರ ತೆರೆದು ಅಲ್ಲಿಂದಲೇ ಕಾಪಿ ಮಾಡಿ. ಒಂದು ಚುಕ್ಕೆ ತಪ್ಪಿದರೂ ಅದು ಹುಡುಕಿ ಕೊಡುವುದಿಲ್ಲ.

ಇನ್ನು ಮುಖ್ಯ ಹೆಜ್ಜೆ. ‘ಪ್ರಿಫರೆನ್ಸಸ್’ನಲ್ಲಿ ಮೀಡಿಯಾದ ‘ಬೇಸ್ ಪಾತ್’, ಅಂದರೆ ಫೋಟೊಗಳ ಮೂಲ ಫೋಲ್ಡರ್, ಎಂಬ ಜಾಗವಿದೆ. ಅಲ್ಲಿ ‘ವಂಶ’ ಫೋಲ್ಡರನ್ನು ತೋರಿಸಿ. ಮತ್ತೆ ಮೀಡಿಯಾ ಮ್ಯಾನೇಜರ್‌ಗೆ ಬಂದು ಪೂರ್ಣ ವಿಳಾಸಗಳನ್ನು ‘ರಿಲೇಟಿವ್’ ಆಗಿ, ಅಂದರೆ ಆ ಮೂಲ ಫೋಲ್ಡರಿನಿಂದ ಮುಂದಿನದಷ್ಟೇ ಇರುವಂತೆ, ಬದಲಿಸಿ. ಇಲ್ಲಿಂದ ಮುಂದೆ ಆಯಿಯ ವಿಳಾಸ ಬರೀ ‘ಸ್ಕ್ಯಾನ್, ಆಯಿ’. ಯಾವ ಡ್ರೈವ್, ಯಾವ ಊರು ಎಂಬ ಹಂಗೇ ಇಲ್ಲ.

ಕೊನೆಗೆ ಇನ್ನೊಂದು ಬ್ಯಾಕಪ್ ತೆಗೆಯಿರಿ. ಈ ಸಲ ಮೀಡಿಯಾ ಬೇಡ. ‘ವಂಶ’ ಫೋಲ್ಡರನ್ನು ಬೇರೆಯಾಗಿ ಕಾಪಿ ಮಾಡಿ. ಪೊಟ್ಟಣವನ್ನೇ ಹೊಸದರಲ್ಲಿ ಬಿಚ್ಚಬಹುದಲ್ವಾ ಎಂದು ಕೇಳಬಹುದು. ಬಿಚ್ಚಬಹುದು. ಆದರೆ ಅದು ಫೋಟೊಗಳಿಗೆ ತನ್ನದೇ ಹೊಸ ಫೋಲ್ಡರ್ ಮಾಡುತ್ತದೆ. ನಾವು ಜೋಡಿಸಿಟ್ಟಿದ್ದನ್ನು ಮತ್ತೆ ಹುಡುಕುತ್ತಾ ಕೂರಬೇಕಾಗುತ್ತದೆ. ನನಗದು ಹಿಡಿಸಲಿಲ್ಲ.

ಕೆಲವರು ಜೆಡ್‌ಕಾಮ್ ಫೈಲ್ ಮಾಡಿ ಒಯ್ಯುತ್ತಾರೆ. 1984ರಿಂದ ಬಳಕೆಯಲ್ಲಿರುವ ಮಾದರಿ ಅದು. ಬೇರೆ ತಂತ್ರಾಂಶಕ್ಕೆ ಹೋಗುವವರಿಗೆ ಬೇಕೇ ಬೇಕು. ಆದರೆ ಅದು ಬರೀ ಅಕ್ಷರಗಳ ಫೈಲ್, ಫೋಟೊ ಅದರೊಳಗೆ ಬರುವುದಿಲ್ಲ. ಗ್ರ್ಯಾಂಪ್ಸ್‌ನಿಂದ ಗ್ರ್ಯಾಂಪ್ಸ್‌ಗೇ ಹೋಗುವವರು ಅದರ ಸ್ವಂತ ಬ್ಯಾಕಪ್ ಬಳಸುವುದೇ ಒಳ್ಳೆಯದು.

ಹೊಸ ಕಂಪ್ಯೂಟರಿನಲ್ಲಿ

ಹಳೆಯದರಲ್ಲಿದ್ದ ಆವೃತ್ತಿಯನ್ನೋ ಅದಕ್ಕಿಂತ ಹೊಸದನ್ನೋ ಹಾಕಿ. ಖಾಲಿ ಟ್ರೀ ಮಾಡಿ, ಬ್ಯಾಕಪ್ ಇಂಪೋರ್ಟ್ ಮಾಡಿ. ‘ವಂಶ’ ಫೋಲ್ಡರನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿಟ್ಟು, ಬೇಸ್ ಪಾತ್‌ನಲ್ಲಿ ಅದನ್ನು ತೋರಿಸಿ. ಹಳೆಯ ಬೇಸ್ ಪಾತ್ ಬ್ಯಾಕಪ್ ಜೊತೆಗೇ ಬಂದಿರಬಹುದು, ನೋಡಿಕೊಂಡು ಬದಲಿಸಿ.

ಆದರೂ ಒಂದೆರಡು ಚೌಕ ಖಾಲಿ ಉಳಿದರೆ ಅಕ್ಷರ ನೋಡಿ. ಫೈಲ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ವಿಂಡೋಸ್‌ಗೆ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ಕೊನೆಯ ಜೆಪಿಜಿ ಎಂಬ ಮೂರಕ್ಷರವೇ ಎಷ್ಟೋ ಸಲ ಕೈಕೊಡುತ್ತದೆ. ‘ಚೆಕ್ ಆ್ಯಂಡ್ ರಿಪೇರ್’ ಓಡಿಸಿದರೆ ಸಿಗದ ಫೋಟೊಗಳನ್ನು ಹಿಡಿದು ಕೇಳುತ್ತದೆ. ಅಲ್ಲಿ ‘ರಿಮೂವ್’ ಒತ್ತಬೇಡಿ, ಆ ಫೋಟೊದ ನಮೂದೇ ಟ್ರೀಯಿಂದ ಹೋಗುತ್ತದೆ.

ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್‌ಗಳನ್ನು ಟ್ರೀಗೆ ಜೋಡಿಸಿದ್ದೀರಾ? ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೆ ಕಂಪ್ಯೂಟರ್ ಇರುವಾಗಲೇ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನಮ್ಮ ಮನೆಗೆ ಬರುತ್ತಿದ್ದ ಹೆಳವರು ಹೇಳಿ ಬರೆಸಿದ ಏಳು ತಲೆಮಾರಿನ ಹೆಸರು ಇದ್ದಿದ್ದು ಅಂಥದೇ ಒಂದು ಫೈಲಿನಲ್ಲಿ. ಅವರು ಈಗ ಬರುವುದು ನಿಂತಿದೆ. ಆ ಫೈಲ್ ಹೋಗಿದ್ದರೆ ಯಾರನ್ನು ಕೇಳುವುದು?

ಹಳೆ ಹಾರ್ಡ್‌ಡಿಸ್ಕನ್ನು ಈಗಲೇ ಅಳಿಸಬೇಡಿ. ಒಂದೊಂದು ಮನೆತನ ತೆರೆದು, ಎಲ್ಲ ಮುಖ ಕಂಡ ಮೇಲೆ ನೋಡೋಣ.

ಹೋದ ತಿಂಗಳು ಅದೇ ಬ್ಯಾಕಪ್, ಅದೇ ‘ವಂಶ’ ಫೋಲ್ಡರನ್ನು ಬೀದರಿನ ತಂಗಿಗೆ ಕೊಟ್ಟೆ. ಅವಳದು ವಿಂಡೋಸ್ ಲ್ಯಾಪ್‌ಟಾಪ್. ಬೇಸ್ ಪಾತ್ ಒಂದನ್ನೇ ಬದಲಿಸಿದಳು. ಐದು ನಿಮಿಷಕ್ಕೆ ಫೋನ್ ಬಂತು, ‘ಅಣ್ಣಾ, ಆಯಿ ಬಂದ್ಲು.’