ಮರದಿಂದ ಬಿದ್ದವರನ್ನು ತಕ್ಷಣ ಎತ್ತಬೇಡಿ: ತಲೆಗೆ, ಬೆನ್ನುಹುರಿಗೆ ಪೆಟ್ಟಾದಾಗ ಮಾಡಬೇಕಾದದ್ದು

ಅಡಿಕೆ ತೋಟದಲ್ಲಿ ಯಾರೋ ಮರದಿಂದ ಬಿದ್ದರು ಅಂತ ಕೂಗು ಕೇಳಿಸಿದರೆ ಸಾಕು, ಅಕ್ಕಪಕ್ಕದವರೆಲ್ಲ ಓಡಿ ಬರುತ್ತಾರೆ. ಒಬ್ಬರು ಕಂಕುಳಿಗೆ ಕೈ ಹಾಕುತ್ತಾರೆ, ಇನ್ನೊಬ್ಬರು ಕಾಲು ಹಿಡಿಯುತ್ತಾರೆ, ಮತ್ತೊಬ್ಬರು ತಲೆ ಎತ್ತಿ ಬಾಯಿಗೆ ನೀರು ಬಿಡುತ್ತಾರೆ. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ಬಿದ್ದಾಗ ಆಗದ ಹಾನಿ ಕೆಲವು ಸಲ ಆಗುವುದು ಈ ಎರಡು ನಿಮಿಷದಲ್ಲೇ.

ಬೆನ್ನುಮೂಳೆಯ ಒಳಗೆ ಸುಮಾರು ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇದೆ. ಮೆದುಳು ಕೈಕಾಲಿಗೆ ಹೇಳುವುದು, ಕೈಕಾಲು ಮೆದುಳಿಗೆ ಹೇಳುವುದು ಎಲ್ಲ ಅದರ ಮೂಲಕವೇ. ಬಿದ್ದ ಪೆಟ್ಟಿಗೆ ಮೂಳೆ ಮುರಿದಿದ್ದರೂ ಒಳಗಿನ ಹುರಿ ಇನ್ನೂ ಚೆನ್ನಾಗಿಯೇ ಇರಬಹುದು. ಆ ಹೊತ್ತಿನಲ್ಲಿ ಕುತ್ತಿಗೆ ಜೋತುಬಿದ್ದರೆ, ಸೊಂಟ ಬಾಗಿದರೆ, ಮುರಿದ ಮೂಳೆ ಜರುಗಿ ಹುರಿಯನ್ನು ಒತ್ತಬಹುದು. ಹುರಿ ಪೂರ್ತಿ ಹಾಳಾದರೆ ಅದನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇವತ್ತಿಗೂ ಇಲ್ಲ. ಆದ್ದರಿಂದ ಮೊದಲ ಕೆಲಸ ಎತ್ತುವುದಲ್ಲ, ಅಲ್ಲಾಡದಂತೆ ನೋಡಿಕೊಳ್ಳುವುದು.

ಯಾವಾಗ ಅನುಮಾನ ಪಡಬೇಕು?

ಮೂರಡಿಗಿಂತ ಎತ್ತರದಿಂದ ಬಿದ್ದಿದ್ದರೆ ಅಥವಾ ಐದು ಮೆಟ್ಟಿಲು ಉರುಳಿದ್ದರೆ ಕುತ್ತಿಗೆಗೆ ಪೆಟ್ಟಾಗಿರಬಹುದು ಅಂತಲೇ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ಅಡಿಕೆ ಮರದ ಎತ್ತರಕ್ಕೆ ಇನ್ನು ಹೇಳುವುದೇ ಬೇಡ. ಬೈಕಿನಿಂದ ಹಾರಿ ಬಿದ್ದವರು, ಬೇಸಿಗೆಯಲ್ಲಿ ಆಳ ನೋಡದೆ ಕೆರೆಗೋ ಕ್ವಾರಿಗೋ ತಲೆ ಮುಂದಾಗಿ ಧುಮುಕುವ ಹುಡುಗರು, ಬಚ್ಚಲಲ್ಲಿ ಜಾರಿದ ಅಜ್ಜಿ, ಇವರೆಲ್ಲರೂ ಇದೇ ಲೆಕ್ಕಕ್ಕೆ. ವಯಸ್ಸಾದವರ ಮೂಳೆಗೆ ಸಣ್ಣ ಪೆಟ್ಟೂ ಸಾಕು.

ಕುತ್ತಿಗೆ ಅಥವಾ ಬೆನ್ನಿನ ನಡುವೆ ನೋವು, ಕೈಕಾಲು ಜುಮ್ಮೆನ್ನುವುದು, ಮರಗಟ್ಟುವುದು, ಬೆರಳು ಆಡಿಸಲು ಆಗದಿರುವುದು, ಗೊತ್ತಿಲ್ಲದೆ ಮೂತ್ರ ಹೋಗಿರುವುದು ಬೆನ್ನುಹುರಿಯ ಸೂಚನೆಗಳು. ಪ್ರಜ್ಞೆಯೇ ಇಲ್ಲದಿದ್ದರೆ ಏನೂ ಪರೀಕ್ಷೆ ಮಾಡುತ್ತಾ ಕೂರಬೇಡಿ, ಬೆನ್ನಿಗೂ ಪೆಟ್ಟಾಗಿದೆ ಅಂತಲೇ ತಿಳಿದು ಮುಂದುವರಿಯಿರಿ.

ಹತ್ತಿರ ಹೋಗುವ ಮೊದಲು ಮೇಲೆ ನೋಡಿ

ಕೊನೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ಅಥವಾ ಏಣಿ ಕರೆಂಟ್ ತಂತಿಗೆ ತಾಗಿ ಬಿದ್ದಿರಬಹುದು. ಹಾಗಿದ್ದರೆ ಕರೆಂಟ್ ಹೋಗಿದೆ ಅಂತ ಖಾತ್ರಿಯಾಗುವ ತನಕ ಮುಟ್ಟಬೇಡಿ. ರಸ್ತೆಯಾದರೆ ಹಿಂದಿನಿಂದ ಬರುವ ಗಾಡಿಗಳಿಗೆ ಕಾಣುವ ಹಾಗೆ ಯಾರನ್ನಾದರೂ ಸ್ವಲ್ಪ ದೂರದಲ್ಲಿ, ರಸ್ತೆಯ ಅಂಚಿಗೆ ನಿಲ್ಲಿಸಿ. ಬೆಂಕಿ, ನೀರು, ಮೇಲೆ ಬೀಳುವ ಗಾಡಿ, ಇಂಥ ಅಪಾಯ ಎದುರಿಗೇ ಇದ್ದರೆ ಮಾತ್ರ ಆ ಜಾಗದಿಂದ ಸರಿಸಬೇಕು.

ಮಾತಾಡಿಸುವುದಕ್ಕೂ ಒಂದು ಕ್ರಮ ಇದೆ. ಹಿಂದಿನಿಂದ ಹೆಸರು ಹಿಡಿದು ಕೂಗಿದರೆ ಬಿದ್ದವರು ಥಟ್ಟನೆ ಕುತ್ತಿಗೆ ತಿರುಗಿಸುತ್ತಾರೆ. ಅವರ ಕಣ್ಣು ಎತ್ತ ಇದೆಯೋ ಆ ಕಡೆಯಿಂದ ಹೋಗಿ, "ಅಣ್ಣಾ, ಅಲ್ಲಾಡಬೇಡ, ತಲೆ ಆಡಿಸಬೇಡ, ಬಾಯಲ್ಲೇ ಹೇಳು" ಅನ್ನಿ. ಇಲ್ಲದಿದ್ದರೆ ನೀವು ಕೇಳಿದ್ದಕ್ಕೆಲ್ಲ ಅವರು ತಲೆ ಆಡಿಸಿಯೇ ಉತ್ತರ ಕೊಡುತ್ತಾರೆ.

ಇನ್ನೊಬ್ಬರು ಅಷ್ಟರಲ್ಲಿ 108ಕ್ಕೋ 112ಕ್ಕೋ ಫೋನ್ ಮಾಡಲಿ. ಎಷ್ಟು ಎತ್ತರದಿಂದ ಬಿದ್ದರು, ಪ್ರಜ್ಞೆ ಇದೆಯೋ, ಕೈಕಾಲು ಆಡುತ್ತಿದೆಯೋ, ಈ ಮೂರನ್ನು ಹೇಳಲೇಬೇಕು. ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗದ ತೋಟಗಳು ಬೇಕಾದಷ್ಟಿವೆ, ಅಲ್ವಾ? ಗುಡ್ಡ ಹತ್ತಿ ಫೋನ್ ಮಾಡಲು ಒಬ್ಬರು, ಟಾರು ರಸ್ತೆಯ ತಿರುವಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸಲು ಒಬ್ಬರು. ಸುಮ್ನೆ ಗುಂಪು ಕಟ್ಟಿ ನಿಂತವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ತಲೆ ಹಿಡಿಯುವುದು ಹೇಗೆ?

ಬಿದ್ದವರ ತಲೆಯ ಹಿಂಬದಿಗೆ ಮಂಡಿಯೂರಿ ಕೂರಿ. ಜಾಗ ಇದ್ದರೆ ಹೊಟ್ಟೆಯ ಮೇಲೆ ಮಲಗಿದರೆ ಇನ್ನೂ ಒಳ್ಳೆಯದು. ಎರಡೂ ಮೊಣಕೈಯನ್ನು ನೆಲಕ್ಕೆ ಅಥವಾ ನಿಮ್ಮ ತೊಡೆಗೆ ಊರಿಕೊಳ್ಳಿ, ಇಲ್ಲವಾದರೆ ಐದು ನಿಮಿಷಕ್ಕೆ ಕೈ ನಡುಗಲು ಶುರುವಾಗುತ್ತದೆ. ಎರಡೂ ಅಂಗೈಯಿಂದ ತಲೆಯ ಎಡಬಲ ಹಿಡಿಯಿರಿ. ಕಿವಿ ಮುಚ್ಚಬೇಡಿ, ನೀವು ಹೇಳಿದ್ದು ಅವರಿಗೆ ಕೇಳಿಸಬೇಕು. ಎಳೆಯುವುದೂ ಇಲ್ಲ, ತಿರುಗಿಸುವುದೂ ಇಲ್ಲ, ತಲೆ ಹೇಗಿದೆಯೋ ಹಾಗೇ ಹಿಡಿಯುವುದು ಅಷ್ಟೇ. ಕುತ್ತಿಗೆ ಸೊಟ್ಟಗಿದೆ ಅಂತ ನೇರ ಮಾಡಲು ಹೋಗಬೇಡಿ. ಆಂಬುಲೆನ್ಸಿನವರು ಬಂದು "ನಾವು ಹಿಡಿದುಕೊಂಡಿದ್ದೇವೆ, ಬಿಡಿ" ಅನ್ನುವ ತನಕ ನಿಮ್ಮ ಕೈ ಅಲ್ಲೇ. ಎಚ್ಚರ ಇದ್ದವರು ಹಿಡಿಸಿಕೊಳ್ಳಲು ಒಪ್ಪದೆ ಒದ್ದಾಡಿದರೆ ಬಲವಂತ ಬೇಡ, ಆ ಜಗ್ಗಾಟವೇ ಜಾಸ್ತಿ ಹಾನಿ ಮಾಡುತ್ತದೆ.

ಟವೆಲ್ ಸುತ್ತಿಯೋ ರಟ್ಟು ಕಟ್ಟಿಯೋ ಕುತ್ತಿಗೆಪಟ್ಟಿ ತಯಾರಿಸುವ ವಿಡಿಯೊಗಳು ಓಡಾಡುತ್ತವೆ. ತರಬೇತಿ ಇಲ್ಲದವರು ಅದನ್ನು ಹಾಕುವ ಗೋಜಿಗೆ ಹೋಗದಿರುವುದೇ ಕ್ಷೇಮ. ಹಾಕುವ ಗಡಿಬಿಡಿಯಲ್ಲಿ ಕುತ್ತಿಗೆ ಆಡುತ್ತದೆ, ಬಿಗಿಯಾದರೆ ಉಸಿರಿಗೂ ತೊಂದರೆ.

ಉಸಿರಿನ ಮುಂದೆ ಬೆನ್ನುಮೂಳೆ ಎರಡನೆಯದು

ಅಲ್ಲಾಡಿಸಬಾರದು ಅಂತ ಇಷ್ಟು ಹೇಳಿದೆನಲ್ಲ, ಇದಕ್ಕೆ ಒಂದು ವಿನಾಯಿತಿ ಇದೆ. ಉಸಿರು ಕಟ್ಟಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ.

ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ, ಗೊರ ಗೊರ ಸದ್ದು ಬರುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸದೆ, ಕಿವಿಯ ಕೆಳಗೆ ದವಡೆಯ ಮೂಲೆಗೆ ಎರಡೂ ಕಡೆ ಬೆರಳು ಕೊಟ್ಟು ಕೆಳದವಡೆಯನ್ನು ಮುಂದಕ್ಕೆ ತಳ್ಳಿ. ಅದರಿಂದಲೂ ದಾರಿ ಬಿಡದಿದ್ದರೆ ಗಲ್ಲ ಹಿಡಿದು ತಲೆಯನ್ನು ಸ್ವಲ್ಪ ಸ್ವಲ್ಪವೇ ಬಾಗಿಸುವುದಕ್ಕೆ ಹೆದರಬೇಡಿ.

ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಲೇಬೇಕು. ಇದಕ್ಕೆ ಮೂರು ನಾಲ್ಕು ಜನ ಬೇಕು. ತಲೆ ಹಿಡಿದವರೇ ಯಜಮಾನರು, ಅವರು "ಒಂದು, ಎರಡು, ಮೂರು" ಅಂದಾಗಲೇ ಉಳಿದವರು ಭುಜ, ಸೊಂಟ, ಮೊಣಕಾಲು ಹಿಡಿದು ಒಟ್ಟಿಗೇ ತಿರುಗಿಸಬೇಕು. ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈ ಒಂದೇ ಸಲ ಹೊರಳಬೇಕು, ಮೂಗು ಮತ್ತು ಹೊಕ್ಕಳು ಒಂದೇ ನೇರದಲ್ಲಿ ಉಳಿಯಬೇಕು. ನೀವು ಒಬ್ಬರೇ ಇದ್ದರೆ, ಅವರ ಒಂದು ತೋಳನ್ನು ತಲೆಯ ಮೇಲಕ್ಕೆ ಚಾಚಿ, ತಲೆ ಆ ತೋಳಿನ ಮೇಲೆ ಬರುವ ಹಾಗೆ ಮಗ್ಗುಲಿಗೆ ತಿರುಗಿಸಿ.

ಉಸಿರೇ ಇಲ್ಲ, ಅಥವಾ ಬಿಟ್ಟು ಬಿಟ್ಟು ಎಳೆದುಕೊಳ್ಳುತ್ತಿದ್ದಾರೆ ಅಂದರೆ ಅಂಗಾತ ಮಲಗಿಸಿ ಎದೆ ಒತ್ತಲು ಶುರು ಮಾಡಿ. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ.

ಎಚ್ಚರ ಇದ್ದವರ ಉಸಿರನ್ನೂ ಗಮನಿಸುತ್ತಿರಿ. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಾದ ವಪೆಯನ್ನು ಆಡಿಸುವ ನರ ಹೊರಡುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಬೇರುಗಳಿಂದ. ಅದಕ್ಕೇ ಕುತ್ತಿಗೆಯ ಮೇಲ್ಭಾಗಕ್ಕೆ ಪೆಟ್ಟಾದವರು ಮಾತಾಡುತ್ತಾ ಇದ್ದವರು ಹಾಗೇ ಸುಸ್ತಾಗಿ ಉಸಿರು ಸಣ್ಣದಾಗುವುದುಂಟು.

ಹೆಲ್ಮೆಟ್ ತೆಗೆಯಬೇಕಾ?

ಉಸಿರು ಸರಿ ಇದ್ದರೆ ಬೇಡ. ಮುಂದಿನ ಗಾಜು ಮೇಲೆತ್ತಿ, ಅಷ್ಟು ಸಾಕು. ವಾಂತಿ, ರಕ್ತ ಬಾಯಿಗೆ ಬರುತ್ತಿದೆ, ಮುಖಕ್ಕೆ ಕೈ ಹೋಗುತ್ತಿಲ್ಲ ಅಂದರೆ ಮಾತ್ರ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ತಲೆಯ ಹಿಂದೆ ಕೂತು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಹಿಡಿಯಲಿ. ಇನ್ನೊಬ್ಬರು ಪಟ್ಟಿ ಬಿಚ್ಚಿ (ಬಿಚ್ಚಲು ಬರದಿದ್ದರೆ ಕತ್ತರಿಸಿ), ಒಂದು ಕೈಯಲ್ಲಿ ದವಡೆಯನ್ನೂ ಇನ್ನೊಂದು ಕೈಯನ್ನು ಕತ್ತಿನ ಹಿಂದಕ್ಕೆ ತೂರಿಸಿ ತಲೆಬುಡವನ್ನೂ ಹಿಡಿಯಬೇಕು. ಈಗ ತಲೆಯ ಭಾರ ಇವರ ಕೈಗೆ ಬಂತು. ಮೊದಲಿನವರು ಹೆಲ್ಮೆಟ್ಟಿನ ಎರಡೂ ಅಂಚನ್ನು ಹೊರಕ್ಕೆ ಅಗಲಿಸಿ, ಕಿವಿ ದಾಟಿಸಿ, ಮೂಗಿಗೆ ತಾಗದಂತೆ ಸ್ವಲ್ಪ ಓರೆ ಮಾಡಿ ನಿಧಾನ ಎಳೆಯಬೇಕು. ಹೆಲ್ಮೆಟ್ ಕಳಚಿದ ಕ್ಷಣ ತಲೆ ದಡಕ್ಕನೆ ನೆಲಕ್ಕೆ ಬೀಳುವುದೇ ಇಲ್ಲಿನ ಅಪಾಯ. ಹಾಗಾಗಿ ಹಿಂದಿನ ಕೈ ಹೆಲ್ಮೆಟ್ಟಿನ ಜೊತೆಜೊತೆಗೇ ಮೇಲಕ್ಕೆ ಸರಿಯುತ್ತಿರಬೇಕು.

ರಕ್ತ, ನೀರು, ಕಾಫಿಪುಡಿ

ನೆತ್ತಿಯ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಸಣ್ಣ ಗಾಯಕ್ಕೂ ಮುಖವೆಲ್ಲ ಕೆಂಪಾಗುತ್ತದೆ. ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ, ಮೊದಲಿನದನ್ನು ಕೀಳಬೇಡಿ. ಗಾಯದ ಜಾಗದ ಬುರುಡೆ ಒಳಕ್ಕೆ ತಗ್ಗಿದ್ದರೆ, ಮೆತ್ತಗೆ ಅನಿಸಿದರೆ ಅಲ್ಲಿ ಒತ್ತಲೇಬೇಡಿ, ಬಟ್ಟೆಯನ್ನು ಹಗುರವಾಗಿ ಮುಚ್ಚಿ ಸುತ್ತಲಿನ ಅಂಚಿಗೆ ಮಾತ್ರ ಒತ್ತಿ. ಚುಚ್ಚಿಕೊಂಡ ಕಡ್ಡಿ, ಕಬ್ಬಿಣ ಏನಿದ್ದರೂ ಕೀಳಬೇಡಿ. ಕಾಫಿಪುಡಿ, ಅರಿಶಿನ, ಸುಣ್ಣ, ಕಮ್ಯುನಿಸ್ಟ್ ಗಿಡದ ರಸ ಯಾವುದೂ ಬೇಡ. ಆಮೇಲೆ ಗಾಯ ತೊಳೆಯುವವರಿಗೆ ಗೋಳು, ಸೋಂಕಿಗೆ ದಾರಿ.

ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರಿನಂಥದ್ದು ಒಸರುತ್ತಿದ್ದರೆ ಬುರುಡೆಯ ತಳ ಬಿರುಕುಬಿಟ್ಟಿರಬಹುದು, ಆ ನೀರು ಮೆದುಳಿನ ಸುತ್ತ ಇರುವ ದ್ರವ. ಹತ್ತಿ ತುರುಕಿ ಕಟ್ಟಬೇಡಿ, ಮೂಗು ಸೀನಿಸಬೇಡಿ. ಮೇಲೆ ಬಟ್ಟೆ ಮುಚ್ಚಿ, ಸೋರಲು ಬಿಡಿ.

ನೀರು, ಕಾಫಿ, ಸೋಡಾ ಏನೂ ಕುಡಿಸಬೇಡಿ. ಬಾಯಾರಿಕೆ ಅಂತ ಗೋಗರೆದರೂ ತುಟಿ ಒದ್ದೆ ಮಾಡಿದರೆ ಸಾಕು. ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು, ಆಪರೇಷನ್ನೂ ಬೇಕಾಗಬಹುದು. ಫಿಟ್ಸ್ ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದು, ಬಾಯಿಗೆ ಚಮಚ ಇಡುವುದು ಬೇಡವೇ ಬೇಡ. ಮಳೆಗಾಲವಾದರೆ ಮೈಮೇಲೆ ಕಂಬಳಿ ಹೊದಿಸಿ.

ಆಂಬುಲೆನ್ಸ್ ಬರಲು ಸಾಧ್ಯವೇ ಇಲ್ಲದಿದ್ದರೆ

ಘಟ್ಟದ ಮೇಲಿನ ಎಷ್ಟೋ ಮನೆಗಳಿಗೆ ಇದು ನಿಜ. ಅಲ್ಲಿ ರೂಢಿಯಲ್ಲಿರುವುದು ಕಂಬಳಿ ಜೋಲಿ, ಕುರ್ಚಿಗೆ ಬಿದಿರು ಕಟ್ಟಿ ಹೊರುವುದು. ಜ್ವರದವರಿಗೆ, ಬಸುರಿಗೆ ಅದು ಸರಿ. ಬೆನ್ನುಮೂಳೆ ಮುರಿದವರಿಗೆ ಜೋಲಿಯಷ್ಟು ಕೆಟ್ಟದ್ದು ಬೇರೆ ಇಲ್ಲ, ಮೈ ಪೂರ್ತಿ ಮಡಚಿಕೊಳ್ಳುತ್ತದೆ. ಬಾಗಿಲು ಕಳಚಿ, ಅಥವಾ ಆರಡಿಯ ಅಗಲವಾದ ಹಲಗೆ ತನ್ನಿ. ಅಡಿಕೆ ದಬ್ಬೆಗಳನ್ನು ಒತ್ತೊತ್ತಾಗಿ ಜೋಡಿಸಿ ಅಡ್ಡಪಟ್ಟಿ ಕೊಟ್ಟು ಬಿಗಿದರೂ ಆದೀತು. ಮೇಲೆ ಹೇಳಿದ ಹಾಗೆ ಒಟ್ಟಿಗೆ ಮಗ್ಗುಲಿಗೆ ತಿರುಗಿಸಿ, ಹಲಗೆಯನ್ನು ಬೆನ್ನಿಗೆ ತಾಗಿಸಿ, ಒಟ್ಟಿಗೇ ವಾಪಸ್ ಮಲಗಿಸಿ. ತಲೆಯ ಎರಡೂ ಬದಿಗೆ ಸುತ್ತಿದ ಬಟ್ಟೆ ಇಡಿ. ಮೊದಲು ಎದೆ, ಸೊಂಟ, ತೊಡೆ ಕಟ್ಟಿ, ತಲೆ ಕೊನೆಗೆ. ಆಟೊದಲ್ಲಿ ಕೂರಿಸಿ ಕರೆದೊಯ್ಯಬೇಡಿ, ಹಲಗೆ ಚಪ್ಪಟೆ ಕೂರುವ ಪಿಕಪ್ ಹುಡುಕಿ. ಹೊರಡುವ ಮೊದಲೇ ಫೋನ್ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು ಅಂತ ಕೇಳಿಕೊಳ್ಳಿ. ಎಣ್ಣೆ ತಿಕ್ಕಿಸಲು, ನೆಟಿಗೆ ತೆಗೆಸಲು ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ.

"ಏನೂ ಆಗಿಲ್ಲ" ಅಂತ ಎದ್ದು ಕೂತವರು

ನನಗೆ ಹೆಚ್ಚು ಭಯ ಇವರದ್ದೇ. ತಲೆಗೆ ಪೆಟ್ಟು ಬಿದ್ದು ಒಂದು ಗಳಿಗೆ ಪ್ರಜ್ಞೆ ತಪ್ಪುತ್ತದೆ, ಎಚ್ಚರವಾಗುತ್ತದೆ, ಎದ್ದು ಕೂತು ಕವಳ ಹಾಕಿ ಮಾತಾಡುತ್ತಾರೆ, ಮನೆಗೆ ಹೋಗಿ ಮಲಗುತ್ತಾರೆ, ಕೆಲವು ಗಂಟೆಯಲ್ಲಿ ಎಬ್ಬಿಸಿದರೆ ಏಳುವುದಿಲ್ಲ. ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ನಿಧಾನವಾಗಿ ಸೇರಿದಾಗ ಹೀಗಾಗುತ್ತದೆ. ಸಮಯಕ್ಕೆ ಆಪರೇಷನ್ ಆದರೆ ಪೂರ್ತಿ ಗುಣವಾಗುವಂಥದ್ದು, ತಡವಾದರೆ ಜೀವಕ್ಕೇ ಕುತ್ತು. ಆದ್ದರಿಂದ ಒಂದು ಕ್ಷಣ ಪ್ರಜ್ಞೆ ತಪ್ಪಿದ್ದರೂ ಆಸ್ಪತ್ರೆಗೆ ಹೋಗಿ ತೋರಿಸಿ.

ಡಾಕ್ಟರ್ ಮನೆಗೆ ಕಳಿಸಿದ ಮೇಲೂ ಮೊದಲ ದಿನ ಒಂಟಿಯಾಗಿ ಬಿಡಬೇಡಿ. ನಿದ್ದೆ ಮಾಡಬಾರದು ಅಂತೇನಿಲ್ಲ, ಆದರೆ ಡಾಕ್ಟರ್ ಹೇಳಿದ ಹಾಗೆ ಆಗಾಗ ಎಬ್ಬಿಸಿ ಮಾತಾಡಿಸಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪಗೆ ಕಂದುವುದು ಕಂಡರೆ ರಾತ್ರಿಯಾದರೂ ಹೊರಡಿ. ತಲೆನೋವಿಗೆ ಆಸ್ಪಿರಿನ್, ಬ್ರೂಫೆನ್ ನೀವಾಗಿ ಕೊಡಬೇಡಿ. ಕುಡಿದಿದ್ದಾನೆ, ಇಳಿದ ಮೇಲೆ ಸರಿಯಾಗುತ್ತಾನೆ ಅಂತ ಜಗಲಿಯಲ್ಲಿ ಮಲಗಿಸುವುದಂತೂ ಬಹಳ ದೊಡ್ಡ ತಪ್ಪು. ವಾಸನೆ ಹೆಂಡದ್ದಿರಬಹುದು, ಮಂಪರು ರಕ್ತಸ್ರಾವದ್ದಿರಬಹುದು. ವಯಸ್ಸಾದವರಲ್ಲಿ ವಾರಗಳ ಮೇಲೂ ಮರೆವು, ನಡಿಗೆಯಲ್ಲಿ ತಪ್ಪು ಕಾಣಿಸಬಹುದು. ಅದಕ್ಕೂ ಹಿಂದಿನ ಸಣ್ಣ ಪೆಟ್ಟಿಗೂ ನಂಟು ಇದೆ ಅಂತ ಮನೆಯವರಿಗೆ ಹೊಳೆಯುವುದೇ ಇಲ್ಲ.

ರಸ್ತೆ ಅಪಘಾತದಲ್ಲಿ ಪೊಲೀಸ್ ಕೇಸಿನ ಭಯಕ್ಕೆ ಹಿಂಜರಿಯುವವರಿದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಹೊಣೆ ಮಾಡುವಂತಿಲ್ಲ ಅನ್ನುತ್ತದೆ.

ಕೊನೆಗೆ ಆಸ್ಪತ್ರೆಯಲ್ಲಿ ಒಪ್ಪಿಸುವಾಗ ಒಂದು ಚೀಟಿ ಬರೆದು ಕೊಡಿ: ಬಿದ್ದ ಹೊತ್ತು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಎಷ್ಟು ಸಲ ವಾಂತಿ, ಬಿದ್ದ ಕೂಡಲೇ ಕಾಲು ಆಡುತ್ತಿತ್ತೋ ಇಲ್ಲವೋ. ಮನೆಯಲ್ಲಿ ಅವರು ನುಂಗುವ ಮಾತ್ರೆಯ ಪಟ್ಟಿಯನ್ನೂ ಹಿಡಿದುಕೊಂಡು ಹೋಗಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ, ಸ್ಕ್ಯಾನ್ ಎಷ್ಟು ಬೇಗ ಆಗಬೇಕು ಅನ್ನುವುದು ಅದರ ಮೇಲೂ ನಿಂತಿರುತ್ತದೆ.