ಯಜಮಾನರು ಸಂಕಟದಲ್ಲಿದ್ದಾಗ ಪಕ್ಕದಲ್ಲಿರುವವರು ಮಾಡಬೇಕಾದದ್ದು

ಚಿಕ್ಕಮಗಳೂರಿನ ಕಾಫಿ ವ್ಯಾಪಾರಕ್ಕೆ ಸಂಕಟ ಸಾಮಾನ್ಯವಾಗಿ ಎರಡು ದಾರಿಯಿಂದ ಬರುತ್ತದೆ. ರೊಬಸ್ಟಾ ದರ ಲಂಡನ್ನಿನಲ್ಲೋ ಅರೇಬಿಕಾ ದರ ನ್ಯೂಯಾರ್ಕಿನಲ್ಲೋ ಕುಸಿಯುವುದು ಒಂದು. ಕೊಯ್ಲಿನ ಹೊತ್ತಿನ ಅಕಾಲ ಮಳೆ ಕಣದಲ್ಲಿ ಹರಡಿದ ಹಣ್ಣನ್ನು ಕೆಡಿಸುವುದು ಇನ್ನೊಂದು. ಎರಡನ್ನೂ ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಆ ದಿನಗಳಲ್ಲಿ ಯಜಮಾನರು ಸರಿಯಾದ ತೀರ್ಮಾನ ತೆಗೆದುಕೊಳ್ಳುವಂತೆ ನೋಡಿಕೊಳ್ಳುವುದು ಅವರ ರೈಟರು (ತೋಟದ ಗುಮಾಸ್ತರು), ಲೆಕ್ಕಿಗರು ಅಥವಾ ಮನೆಯ ಮಕ್ಕಳ ಕೈಯಲ್ಲಿದೆ.

ಮೊದಲು ನಿಜವಾದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡಬೇಕು. ಗೋದಾಮಿನಲ್ಲಿರುವ ಮಾಲನ್ನು ಕೊಂಡ ದರಕ್ಕಲ್ಲ, ಇಂದಿನ ದರಕ್ಕೆ ಬರೆಯಬೇಕು. ಸಿಪ್ಪೆ ಸಮೇತ ಒಣಗಿಸಿದ ಚೆರಿಯಾದರೆ ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಬೀಜ ಬರುತ್ತದೆಂಬ ಲೆಕ್ಕ, ಮತ್ತೊಮ್ಮೆ ತೆಗೆಸಬೇಕು. 50 ಕೆ.ಜಿ. ಚೀಲಕ್ಕೆ 28 ಕೆ.ಜಿ. ಬೀಜ ಬರುವುದೆಂದು ಕೊಂಡದ್ದು 26ಕ್ಕೆ ಇಳಿದರೆ, ನೂರು ಚೀಲದಲ್ಲಿ 200 ಕೆ.ಜಿ. ಕಾಫಿ ಪುಸ್ತಕದಲ್ಲಷ್ಟೇ ಇರುತ್ತದೆ. ನಾನು ಲೆಕ್ಕ ಬರೆಯುತ್ತಿದ್ದ ಕಡೆ ಇಂಥದೇ ಕೊರತೆಯನ್ನು, ಯಜಮಾನರು ಮೊದಲೇ ನೊಂದಿದ್ದಾರೆಂಬ ಕನಿಕರದಿಂದ, ಎರಡು ವಾರ ಹೇಳದೆ ಉಳಿದೆ. ಅಷ್ಟರಲ್ಲಿ ಅವರು ಆ ಇಲ್ಲದ ಕಾಫಿಯನ್ನೇ ನಂಬಿ ಬೇರೊಬ್ಬರಿಗೆ ಮಾತು ಕೊಟ್ಟಾಗಿತ್ತು. ಅಂದಿನಿಂದ ಕೆಟ್ಟ ಸುದ್ದಿಯನ್ನು ಅದೇ ದಿನ, ಬಾಗಿಲು ಮುಂದೆ ಮಾಡಿಕೊಂಡು, ಅಂಕಿಯ ಸಮೇತ ಹೇಳುವುದನ್ನು ರೂಢಿಸಿಕೊಂಡಿದ್ದೇನೆ.

ಬ್ಯಾಂಕಿನ ವಿಷಯದಲ್ಲಿ ಸಂಕೋಚವೇ ದೊಡ್ಡ ಅಡ್ಡಿ. ವ್ಯಾಪಾರದ ಸಾಲದ ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ 30 ದಿನ ಮತ್ತು 60 ದಿನ ದಾಟಿದಾಗಲೇ ಅದು ಬ್ಯಾಂಕು ನಿಗಾ ಇಡುವ ಸಾಲಗಳ ಎಸ್‌ಎಂಎ ಪಟ್ಟಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿರುತ್ತದೆ. ಆದ್ದರಿಂದ ಮೊದಲ ಕಂತು ತಪ್ಪುವ ಮುನ್ನವೇ ಆ ಹಾಳೆಯನ್ನು ಹಿಡಿದು ಯಜಮಾನರ ಜೊತೆಯಲ್ಲಿ ವ್ಯವಸ್ಥಾಪಕರನ್ನು ಕಾಣಬೇಕು. 25 ಕೋಟಿ ರೂಪಾಯಿವರೆಗೆ ಸಾಲವಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕಾಗಿ ಕೇಂದ್ರ ಸರ್ಕಾರ 2015ರಲ್ಲಿ ಒಂದು ವ್ಯವಸ್ಥೆ ಮಾಡಿದ್ದು, ಅದರಡಿ ಉದ್ಯಮಿಯೇ ಅರ್ಜಿ ಕೊಡಬಹುದು. ಇನ್ನು ಕಾಫಿ ಹುರಿದು ಪುಡಿ ಮಾಡಿ ಮಾರುವ ಸಣ್ಣ ಉದ್ಯಮಕ್ಕೆ ಸರ್ಕಾರದ ಉದ್ಯಮ್ ನೋಂದಣಿ ಇದ್ದರೆ, ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂಬುದು ಸಣ್ಣ ಉದ್ಯಮಗಳ ಕುರಿತ 2006ರ ಕಾಯ್ದೆಯ ನಿಯಮ. ಬಾಕಿ ಕೇಳುವ ಪತ್ರವನ್ನು ನೀವೇ ಬರೆದು ಸಹಿಗೆ ಇಡಿ.

ಆಳುಗಳ ವಾರದ ಕೂಲಿ ಬಟವಾಡೆ ತಪ್ಪಬಾರದು. ತಪ್ಪುವುದೇ ಆದರೆ ಆಳುಗಳು ಸಂತೆಗೆ ಹೊರಟು ನಿಂತಾಗ ಅಲ್ಲ, ಎರಡು ದಿನ ಮೊದಲೇ, ಮೇಸ್ತ್ರಿಯ ಮೂಲಕವಲ್ಲದೆ ಯಜಮಾನರ ಬಾಯಿಂದಲೇ ತಿಳಿಸಬೇಕು.

ಲಾರಿ ಬಾಡಿಗೆ, ಗೋಣಿಚೀಲ, ಡೀಸೆಲ್ಲಿನಂಥ ಸಣ್ಣ ತೀರ್ಮಾನಗಳನ್ನು ಅವರವರೆಗೆ ಒಯ್ಯದೆ ನೀವೇ ಮುಗಿಸಿರಿ. ಸಾಲ ಕೊಟ್ಟವರ ದೂರವಾಣಿ ಕರೆಗಳಿಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿ, ಆಗ ಮಾತ್ರ ಯಜಮಾನರಿಗೆ ಕೊಡಿ.

ಲೆಕ್ಕದಷ್ಟೇ ಮನುಷ್ಯನನ್ನೂ ಗಮನಿಸಬೇಕು. ರಾತ್ರಿಯಿಡೀ ನಿದ್ದೆಯಿಲ್ಲದಿರುವುದು, ಊಟ ಬಿಡುವುದು, ಕಾರಣವಿಲ್ಲದೆ ಆಸ್ತಿಪತ್ರಗಳನ್ನು ಹಂಚಲು ತೊಡಗುವುದು, “ನಾನಿಲ್ಲದಿದ್ದರೂ ನಡೆಯುತ್ತದೆ” ಎನ್ನುವುದು ಕಂಡುಬಂದರೆ ಅವರನ್ನು ಒಂಟಿಯಾಗಿ ಬಿಡದೆ, ನೇರವಾಗಿ ವಿಚಾರಿಸಿ, ಮನೆಯವರಿಗೂ ತಿಳಿಸಬೇಕು. ಇದನ್ನು ಚಾಡಿಯೆಂದು ಯಾರೂ ಭಾವಿಸಬೇಕಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅವರು ಮಾಡದಿದ್ದರೆ ಕರೆಯನ್ನು ನೀವೇ ಹಚ್ಚಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.