ಕೂರಲೂ ತುಂಬಿಡಲೂ ಒಂದೇ ಬೆಂಚು: ಮುಚ್ಚಳ ಕೂರಿಸುವ ಸರಿಯಾದ ಕ್ರಮ

ಚಿಕ್ಕ ಮನೆಗೆಂದು ಸ್ವತಃ ಮರಗೆಲಸಕ್ಕೆ ಇಳಿಯುವವರಿಗೆ ಪೆಟ್ಟಿಗೆ ಬೆಂಚು ಒಳ್ಳೆಯ ಆರಂಭ. ಮೇಲೆ ಇಬ್ಬರು ಕೂರಬಹುದು, ಒಳಗೆ ಹೊದಿಕೆ, ಹಾಸುಬಟ್ಟೆಗಳನ್ನು ತುಂಬಿಡಬಹುದು; ಊಟದ ಮೇಜಿನ ಗೋಡೆ ಬದಿಗೆ ಇಟ್ಟರೆ ಕುರ್ಚಿ ಹಿಂದಕ್ಕೆ ಸರಿಸಲು ಬೇಕಾಗುವ ಜಾಗವೂ ಉಳಿಯುತ್ತದೆ. ಪೆಟ್ಟಿಗೆ ಕಟ್ಟುವುದು ಅಂಥ ಕಷ್ಟದ ಕೆಲಸವಲ್ಲ. ಕೆಡುವುದೆಲ್ಲ ಮುಚ್ಚಳದಲ್ಲಿ. ತೆರೆದು ನಿಲ್ಲಿಸಿದರೆ ಕೈಮೇಲೆ ಬೀಳುವ, ಒಂದು ಮೂಲೆ ಎತ್ತಿಕೊಂಡೇ ಇರುವ, ತಿರುಪು ಸಡಿಲಗೊಂಡು ಕಿತ್ತುಬರುವ ಮುಚ್ಚಳಗಳನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಹಲಗೆಗೆ 18 ಮಿ.ಮೀ. ದಪ್ಪದ ಪ್ಲೈವುಡ್ ಬಳಸಿ. ಪಾರ್ಟಿಕಲ್ ಬೋರ್ಡ್ ಅಗ್ಗವೆಂದು ಯಾರು ಹೇಳಿದರೂ ಈ ಕೆಲಸಕ್ಕೆ ಅದನ್ನು ತರಬೇಡಿ. ಅದರ ಅಂಚಿನಲ್ಲಿ ತಿರುಪು ಹಿಡಿಯುವುದಿಲ್ಲ, ನೀರು ತಾಗಿದರೆ ಊದಿಕೊಳ್ಳುತ್ತದೆ, ಒಮ್ಮೆ ಊದಿದ್ದು ಮತ್ತೆ ಮೊದಲಿನಂತಾಗುವುದಿಲ್ಲ.

ಹೊರ ಅಳತೆ 1100 ಮಿ.ಮೀ. ಉದ್ದ, 400 ಮಿ.ಮೀ. ಅಗಲ ಇರಲಿ. ಮುಂದಿನ ಮತ್ತು ಹಿಂದಿನ ಹಲಗೆಗಳು ಪೂರ್ಣ ಉದ್ದದವು. ಪಕ್ಕದ ಹಲಗೆಗಳು ಅವುಗಳ ನಡುವೆ ಕೂರುವುದರಿಂದ ಎರಡು ಹಲಗೆಗಳ ದಪ್ಪವನ್ನು ಕಳೆದು 364 ಮಿ.ಮೀ.ಗೆ ಕತ್ತರಿಸಬೇಕು. ಈ 36 ಮಿ.ಮೀ. ಕಳೆಯುವುದನ್ನು ಮರೆತು ಹಲಗೆ ಹಾಳು ಮಾಡಿಕೊಳ್ಳುವವರಿಗೆ ಲೆಕ್ಕವಿಲ್ಲ. ಎಲ್ಲ ಹಲಗೆಗಳ ಎತ್ತರ 400 ಮಿ.ಮೀ.; ಅದಕ್ಕೆ 25 ಮಿ.ಮೀ. ಕಾಲು ಮತ್ತು ಮುಚ್ಚಳದ ದಪ್ಪ ಸೇರಿದರೆ ಕೂರಲು ಹಿತವಾದ 44 ಸೆಂ.ಮೀ. ಎತ್ತರ ಸಿಗುತ್ತದೆ.

ಅಂಟು ಹಚ್ಚಿ, ತಿರುಪು ಬಿಗಿದು, ತಳದ ಹಲಗೆಯನ್ನು ಒಳಗೆ ರೀಪರ್ ಪಟ್ಟಿಗಳ ಮೇಲೆ ಕೂರಿಸಿ, ನಡುವೆ ಒಂದು ಅಡ್ಡಹಲಗೆ ಕೊಡಿ. ಅಂಟು ಒಣಗುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮವಿಲ್ಲದಿದ್ದರೆ ಉದ್ದವಿರುವ ಕರ್ಣದ ಮೂಲೆಗಳನ್ನು ಕ್ಲಾಂಪ್‌ನಿಂದ ಒತ್ತಿ ಸರಿಪಡಿಸಿ, ಒಂದು ದಿನ ಹಾಗೆಯೇ ಬಿಡಿ.

ಇನ್ನು ಮುಚ್ಚಳ. ಹೆಚ್ಚಿನವರು ಕೀಲುಗಳನ್ನು ಪೆಟ್ಟಿಗೆಯ ಹಿಂದಿನ ಅಂಚಿಗೇ ಜಡಿಯುತ್ತಾರೆ. ಬೆಂಚು ಗೋಡೆಗೆ ಒರಗಿದಾಗ ಅಂಥ ಮುಚ್ಚಳ ನೇರ ಲಂಬಕ್ಕಿಂತ ಹಿಂದಕ್ಕೆ ಹೋಗಲಾರದು, ಆದ್ದರಿಂದ ಸ್ವಲ್ಪ ತಾಗಿದರೂ ಮುಂದಕ್ಕೆ ಬೀಳುತ್ತದೆ. ಇದಕ್ಕೆ ಪರಿಹಾರ ಸರಳ. ಮೇಲ್ಹಲಗೆಯಿಂದ 80 ಮಿ.ಮೀ. ಅಗಲದ ಪಟ್ಟಿಯೊಂದನ್ನು ಸೀಳಿ, ಅದನ್ನು ಹಿಂಬದಿಗೆ ಕಾಯಂ ಆಗಿ ಅಂಟಿಸಿ, ಉಳಿದ ಹಲಗೆಯನ್ನು ಆ ಪಟ್ಟಿಗೆ ಕೀಲಿನಿಂದ ಜೋಡಿಸಬೇಕು. ಆಗ ಪೆಟ್ಟಿಗೆಯ ಮುಂದಕ್ಕೆ ತುಸು ಚಾಚುವ, ಸುಮಾರು 335 ಮಿ.ಮೀ. ಅಗಲದ ಮುಚ್ಚಳ ಲಂಬವನ್ನು ದಾಟಿ 13–14 ಡಿಗ್ರಿಯಷ್ಟು ಹಿಂದಕ್ಕೆ ವಾಲಿ, ಯಾವ ಆಸರೆಯೂ ಇಲ್ಲದೆ ಗೋಡೆಗೆ ಒರಗಿ ನಿಲ್ಲುತ್ತದೆ. ಪಟ್ಟಿಯನ್ನೂ ಮುಚ್ಚಳವನ್ನೂ ಒಂದೇ ಹಲಗೆಯಿಂದ ಸೀಳಿದರೆ ಮರದ ಎಳೆ ಒಂದರಿಂದ ಇನ್ನೊಂದಕ್ಕೆ ಮುಂದುವರಿಯುವುದರಿಂದ ನೋಡಲೂ ಚೆನ್ನ.

ಬಿಡಿ ಕೀಲುಗಳ ಬದಲು ಉದ್ದಕ್ಕೂ ಹಾಯುವ ಪಿಯಾನೊ ಹಿಂಜ್ ಒಂದನ್ನೇ ಹಾಕಿ; ಭಾರ ಎಲ್ಲ ತಿರುಪುಗಳಿಗೂ ಹಂಚಿಹೋಗುತ್ತದೆ. ಬೆರಳಿನಿಂದ ಒತ್ತಿದರೆ ಬಾಗುವಂಥ ತೆಳು ತಗಡಿನದು ಮಾತ್ರ ಬೇಡ. ಕೀಲಿನ ಗಂಟು, ಅಂದರೆ ಅದರ ಎರಡು ರೆಕ್ಕೆಗಳು ಸೇರುವ ದುಂಡು ಭಾಗ, ಹಲಗೆಯ ಮೇಲ್ಮೈ ಕಡೆಗೇ ಇರಬೇಕು. ಅದು ಕೆಳಗಾದರೆ ಎತ್ತುವಾಗ ಎರಡು ಹಲಗೆಗಳ ಮೇಲಂಚುಗಳು ಒಂದಕ್ಕೊಂದು ಒತ್ತಿ, ತಿರುಪುಗಳನ್ನೇ ಮೀಟಿ ಹೊರತೆಗೆಯುತ್ತವೆ. ಪ್ಲೈವುಡ್‌ನ ಅಂಚಿಗೆ ನೇರವಾಗಿ ತಿರುಪು ಹಾಕಿದರೆ ಪದರಗಳು ಬಿರಿಯುವ ಕಾರಣ, ಪಟ್ಟಿ ಮತ್ತು ಮುಚ್ಚಳ ಪರಸ್ಪರ ಎದುರಾಗುವ ಎರಡೂ ಅಂಚುಗಳಿಗೆ ಮೊದಲೇ 25 ಮಿ.ಮೀ. ಅಗಲದ ಗಟ್ಟಿಮರದ ರೀಪರ್ ಅಂಟಿಸಿ, ಕೀಲನ್ನು ಅದಕ್ಕೆ ಜಡಿಯಿರಿ. ಈ ರೀಪರ್‌ನ ಅಗಲವನ್ನೂ ಮೇಲಿನ ಅಳತೆಗಳೊಳಗೇ ಲೆಕ್ಕಹಾಕಿರಬೇಕು. ಇದು ಹೆಚ್ಚುವರಿ ಶ್ರಮವೆಂದು ಬಿಟ್ಟುಬಿಡುವವರು ಕೀಲನ್ನು ಮೇಲ್ಮೈಗೆ ಜಡಿಯುವ ಅಡ್ಡದಾರಿ ಹಿಡಿಯುತ್ತಾರೆ. ಅದು ಬಾಳುತ್ತದೆ ನಿಜ, ಆದರೆ ಕೂತವರ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ಎಲ್ಲ ತಿರುಪುಗಳನ್ನು ಒಮ್ಮೆಗೇ ಬಿಗಿಯಬಾರದು. 3 ಮಿ.ಮೀ. ತಿರುಪಿಗೆ 2 ಮಿ.ಮೀ. ರಂಧ್ರವನ್ನು ಮೊದಲೇ ಕೊರೆದು, ಎರಡು ತುದಿಗಳಲ್ಲಿ ಮತ್ತು ನಡುವೆ ಒಂದೊಂದನ್ನೇ ಹಾಕಿ ಮುಚ್ಚಳವನ್ನು ತೆರೆದು ಮುಚ್ಚಿ ನೋಡಿ. ಓರೆಯಾಗಿದ್ದರೆ ಪಕ್ಕದ ರಂಧ್ರದಲ್ಲಿ ಸರಿಪಡಿಸಿಕೊಳ್ಳಲು ಇದೊಂದೇ ಅವಕಾಶ. ಹಿತ್ತಾಳೆ ತಿರುಪೇ ಬೇಕೆನ್ನುವವರು ಅದೇ ಅಳತೆಯ ಉಕ್ಕಿನ ತಿರುಪಿನಿಂದ ಮೊದಲು ದಾರಿ ಮಾಡಿಕೊಳ್ಳಲಿ, ಇಲ್ಲವಾದರೆ ಹಿತ್ತಾಳೆಯ ತಲೆ ಮುರಿದು ತುಂಡು ಮರದೊಳಗೇ ಉಳಿಯುತ್ತದೆ.

ಮಕ್ಕಳಿರುವ ಮನೆಯಾದರೆ ಮುಚ್ಚಳವನ್ನು ನಿಧಾನವಾಗಿ ಇಳಿಸುವ ಆಸರೆ ಕಡ್ಡಾಯ. ತಾನಾಗಿಯೇ ಸಿಕ್ಕಿಕೊಳ್ಳುವ ಚಿಲಕವನ್ನು ಎಂದಿಗೂ ಹಾಕಬೇಡಿ, ಆಟವಾಡುತ್ತ ಒಳಹೊಕ್ಕ ಮಗು ಹೊರಬರಲಾರದು. ಎರಡು ಪಕ್ಕಗಳಲ್ಲೂ, ಅಡ್ಡಹಲಗೆಯಿಂದಾದ ಒಂದೊಂದು ಭಾಗಕ್ಕೂ ಗಾಳಿ ಸಿಗುವಂತೆ, 25 ಮಿ.ಮೀ.ನ ಕೆಲವು ರಂಧ್ರಗಳನ್ನು ಕೊರೆಯಿರಿ. ಬಟ್ಟೆಗೆ ಮುಗ್ಗಲು ವಾಸನೆ ಹಿಡಿಯುವುದೂ ತಪ್ಪುತ್ತದೆ.

ಉಪ್ಪುಕಾಗದದಿಂದ ಮೊದಲು 120, ಆಮೇಲೆ 220 ಸಂಖ್ಯೆಯದರಲ್ಲಿ ಎಳೆಯ ದಿಕ್ಕಿಗೇ ಉಜ್ಜಿ, ಹೊರಮೈಗೆ ನಿಮಗೊಪ್ಪುವ ಲೇಪನ ಕೊಡಿ. ಒಳಮೈಗೆ ಎಣ್ಣೆ ಬೆರೆತ ಲೇಪನ ಬೇಡ, ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ವಾಸನೆ ಬಹುಕಾಲ ಹೋಗುವುದಿಲ್ಲ. ಅಗಸೆ ಎಣ್ಣೆ ಬಳಸಿದ್ದರೆ, ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಬಯಲಲ್ಲಿ ಹರಡಿ ಒಣಗಿಸಿ, ಏಕೆಂದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು.